ವಿದೇಶಿಯನಲ್ಲ ಎಂದು ಸಾಬೀತುಪಡಿಸುವ ಹೊಣೆ ಯಾರದು?

ಬೆಂಗಳೂರು: ವಿದೇಶಿಯರ ಪ್ರವೇಶ, ವಾಸ ಹಾಗೂ ನಿರ್ಗಮನವನ್ನು ನಿಯಂತ್ರಿಸುವ ವಲಸೆ ಮತ್ತು ವಿದೇಶಿಯರ ಕಾಯ್ದೆ 2025ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದಿದೆ. ಇದರೊಂದಿಗೆ 1920, 1939, 1946 ಮತ್ತು 2000ನೇ ಇಸವಿಗಳ ನಾಲ್ಕು ಹಳೆಯ ಕಾಯ್ದೆಗಳು ರದ್ದಾಗಿವೆ. ಆದರೆ 1946ರ ವಿದೇಶಿಯರ ಕಾಯ್ದೆಯ ಬಹುಚರ್ಚಿತ ಅಂಶವೊಂದು ಹೊಸ ಕಾಯ್ದೆಯಲ್ಲೂ ಉಳಿದುಕೊಂಡಿದೆ. ಪೌರತ್ವದ ಬಗ್ಗೆ ಪ್ರಶ್ನೆ ಎದ್ದಾಗ, ತಾನು ವಿದೇಶಿಯನಲ್ಲ ಎಂಬುದನ್ನು ಆ ವ್ಯಕ್ತಿಯೇ ಸಾಬೀತುಪಡಿಸಬೇಕು.

ಕಾಯ್ದೆಯಲ್ಲಿ ಏನಿದೆ?

ಸಿಂಧುವಾದ ಪಾಸ್‌ಪೋರ್ಟ್ ಅಥವಾ ವೀಸಾ ಇಲ್ಲದೆ ದೇಶ ಪ್ರವೇಶಿಸುವ ವಿದೇಶಿಯರಿಗೆ ಐದು ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ನಕಲಿ ದಾಖಲೆ ಬಳಸಿದರೆ ಎರಡರಿಂದ ಏಳು ವರ್ಷ ಸೆರೆವಾಸದ ಜತೆಗೆ 1 ಲಕ್ಷದಿಂದ 10 ಲಕ್ಷ ರೂಪಾಯಿ ದಂಡವಿದೆ. ವಸತಿಗೃಹ, ಶಿಕ್ಷಣ ಸಂಸ್ಥೆ ಹಾಗೂ ಆಸ್ಪತ್ರೆಗಳು ತಮ್ಮಲ್ಲಿಗೆ ಬರುವ ವಿದೇಶಿಯರ ಮಾಹಿತಿ ನೀಡಬೇಕಿದೆ. ವಿದೇಶಿ ವಿದ್ಯಾರ್ಥಿಗಳು ಮತ್ತು ರೋಗಿಗಳು ಬರುವ ಬೆಂಗಳೂರು, ಮಣಿಪಾಲದಂತಹ ಊರುಗಳಿಗೆ ಇದು ನೇರವಾಗಿ ಸಂಬಂಧಿಸಿದ್ದು.

ಹೊಣೆಯ ಪ್ರಶ್ನೆ

ಸಾಮಾನ್ಯ ಅಪರಾಧ ಪ್ರಕರಣಗಳಲ್ಲಿ ಆರೋಪ ಸಾಬೀತುಪಡಿಸುವುದು ಸರ್ಕಾರದ ಕರ್ತವ್ಯ. ಹುಟ್ಟಿದ ಸ್ಥಳ, ತಂದೆತಾಯಿಯ ವಿವರ ಆಯಾ ವ್ಯಕ್ತಿಗೇ ಚೆನ್ನಾಗಿ ತಿಳಿದಿರುತ್ತದೆ ಎಂಬ ಕಾರಣಕ್ಕೆ ವಿದೇಶಿಯರ ಪ್ರಕರಣದಲ್ಲಿ ಈ ನಿಯಮ ತಿರುವುಮುರುವಾಗಿದೆ. ಅಸ್ಸಾಂನಲ್ಲಿ ಜಾರಿಗೊಂಡಿದ್ದ 1983ರ ಕಾಯ್ದೆಯೊಂದು ಈ ಹೊಣೆಯನ್ನು ದೂರು ನೀಡುವವರ ಮೇಲೆ ಹೊರಿಸಿತ್ತು. ಸರ್ಬಾನಂದ ಸೋನೊವಾಲ್ ಸಲ್ಲಿಸಿದ್ದ ಅರ್ಜಿಯ ಮೇಲೆ 2005ರ ಜುಲೈನಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಆ ಕಾಯ್ದೆ ಅಕ್ರಮ ವಲಸಿಗರ ಪತ್ತೆಗೆ ಅಡ್ಡಿಯಾಗಿದೆ ಎಂದು ಅದನ್ನು ಅಸಾಂವಿಧಾನಿಕ ಎಂದು ಘೋಷಿಸಿತು.

ಅಧಿಕಾರಕ್ಕೆ ಮಿತಿ

ಆದರೆ ಈ ಹೊಣೆಗೂ ಮಿತಿಯುಂಟು. ಅಸ್ಸಾಂನ ವ್ಯಕ್ತಿಯೊಬ್ಬರನ್ನು ವಿದೇಶಿಯೆಂದು ಘೋಷಿಸಿದ್ದ ನ್ಯಾಯಮಂಡಳಿಯ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ರದ್ದುಪಡಿಸಿತು. ಯಾವುದೇ ಆಧಾರವಿಲ್ಲದೆ ಯಾರದೋ ಮನೆ ಬಾಗಿಲಿಗೆ ಹೋಗಿ ಪೌರತ್ವ ಸಾಬೀತುಪಡಿಸುವಂತೆ ಕೇಳುವಂತಿಲ್ಲ. ಅನುಮಾನಕ್ಕೆ ಕಾರಣವಾದ ಮಾಹಿತಿ ಅಧಿಕಾರಿಗಳ ಬಳಿ ಇರಬೇಕು, ಅದನ್ನು ಆ ವ್ಯಕ್ತಿಗೂ ತಿಳಿಸಬೇಕು ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು. ದಾಖಲೆಗಳಲ್ಲಿ ಹೆಸರಿನ ಕಾಗುಣಿತ ಅಲ್ಪಸ್ವಲ್ಪ ವ್ಯತ್ಯಾಸವಾದ ಮಾತ್ರಕ್ಕೆ ಪೌರತ್ವ ನಿರಾಕರಿಸುವುದೂ ಸಲ್ಲದು ಎಂದಿತು.

ಈ ತೀರ್ಪು ಹಳೆಯ ಕಾಯ್ದೆಯಡಿ ಬಂದದ್ದು. ಸಾಬೀತುಪಡಿಸುವ ಹೊಣೆ ಹೊಸ ಕಾಯ್ದೆಯಲ್ಲೂ ವ್ಯಕ್ತಿಯ ಮೇಲೆಯೇ ಇರುವುದರಿಂದ ಅದರ ಮಹತ್ವ ಕುಗ್ಗಿಲ್ಲ. ಶಾಲಾ ದಾಖಲೆಯಲ್ಲಿ ಒಂದು ಹೆಸರು, ಮತದಾರರ ಪಟ್ಟಿಯಲ್ಲಿ ಇನ್ನೊಂದು ಹೆಸರು ಇರುವ ಬಡ ಕುಟುಂಬಗಳಿಗೆ ಸದ್ಯಕ್ಕೆ ಇದೇ ದೊಡ್ಡ ರಕ್ಷಣೆ.