ಬೆಳಕನ್ನು ಮೀರುವ ನೌಕೆಗೂ ಕಟ್ಟಳೆ

ಪುರಾಣದ ವಿಮಾನಗಳು ಮನೋವೇಗದಿಂದ ಸಂಚರಿಸುತ್ತವೆ. ಅವುಗಳ ಇಂಧನದ ಲೆಕ್ಕವನ್ನು ನಾವಾರೂ ಕೇಳುವುದಿಲ್ಲ. ಆದರೆ ಅಂತರಿಕ್ಷದ ಕಥೆಯನ್ನು ಆಟವಾಗಿ ಆಡಹೊರಟರೆ ಲೆಕ್ಕ ಬೇಕೇ ಬೇಕು.

ನಾಲ್ಕಾರು ಜನ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ಮಾತಿನಲ್ಲಿಯೇ ಕಥೆ ಬೆಳೆಸುವ ಆಟಗಳು ಪಾಶ್ಚಾತ್ಯ ದೇಶಗಳಲ್ಲಿವೆ. ಒಬ್ಬನು ಸೂತ್ರಧಾರ, ಸಂಶಯ ಬಂದಲ್ಲಿ ದಾಳವೇ ತೀರ್ಪುಗಾರ. ಅಮೆರಿಕದ ಮಾರ್ಕ್ ಮಿಲ್ಲರ್ ರಚಿಸಿದ, 1977ರಲ್ಲಿ ಪ್ರಕಟವಾದ 'ಟ್ರಾವೆಲರ್' ಇವುಗಳಲ್ಲಿ ಹೆಸರಾದುದು.

ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಓಡುತ್ತದೆ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿಯಿಂದ ಬೆಳಕು ಬರಲು 4 ವರ್ಷಕ್ಕೂ ಹೆಚ್ಚು ಕಾಲ ಬೇಕು. ಅದೇ 1977ರಲ್ಲಿ ಹಾರಿದ ವಾಯೇಜರ್-1 ನೌಕೆಯ ವೇಗ ಸೆಕೆಂಡಿಗೆ ಸುಮಾರು 17 ಕಿ.ಮೀ. ಈ ವೇಗದಲ್ಲಿ ಅಷ್ಟು ದೂರ ಕ್ರಮಿಸಲು 70,000 ವರ್ಷಗಳೂ ಸಾಲವು. ಅಷ್ಟು ಕಾಲ ಕಾಯುವ ಆಟಗಾರರೆಲ್ಲಿ? ಆದುದರಿಂದ ಈ ಆಟವು ಬೆಳಕನ್ನೂ ಮೀರುವ 'ಜಂಪ್' ಎಂಬ ನೆಗೆತವನ್ನು ಕಲ್ಪಿಸಿತು. ವಿಜ್ಞಾನ ಒಪ್ಪದ ಈ ಕಲ್ಪನೆಗೂ ಕಟ್ಟಳೆಗಳುಂಟು.

ಮೊದಲನೆಯದು, ದೂರ. ಯಂತ್ರದ ಶಕ್ತಿಗೆ ತಕ್ಕಂತೆ ಒಂದು ನೆಗೆತಕ್ಕೆ 1ರಿಂದ 6 ಪಾರ್ಸೆಕ್. ಒಂದು ಪಾರ್ಸೆಕ್ ಎಂದರೆ 3.26 ಜ್ಯೋತಿರ್ವರ್ಷ.

ಎರಡನೆಯದು, ಕಾಲ. ನೆಗೆತ ಹತ್ತಿರದ್ದಾಗಲಿ ದೂರದ್ದಾಗಲಿ, ಸುಮಾರು ಒಂದು ವಾರ ಹಿಡಿಯುತ್ತದೆ.

ಮೂರನೆಯದು, ಇಂಧನ. ಪ್ರತಿ ಪಾರ್ಸೆಕ್ಕಿಗೆ ನೌಕೆಯ ಹತ್ತನೆಯ ಒಂದು ಪಾಲು ಜಾಗ ಜಲಜನಕಕ್ಕೆ ಮೀಸಲು. 200 ಟನ್ನಿನ ನೌಕೆ 2 ಪಾರ್ಸೆಕ್ ನೆಗೆಯಲು 40 ಟನ್ ಬೇಕು. 6 ಪಾರ್ಸೆಕ್ಕಿಗೆ 120 ಟನ್! ಇನ್ನು ಸರಕಿಗೆ ಜಾಗವೆಲ್ಲಿ?

ನಾಲ್ಕನೆಯದು, ಎಚ್ಚರ. ಗ್ರಹದ ವ್ಯಾಸದ ನೂರು ಪಟ್ಟು ದೂರ ಹೋದ ಮೇಲೆಯೇ ನೆಗೆಯಬೇಕು. ಭೂಮಿಯಿಂದಾದರೆ ಇದು ಸುಮಾರು 12 ಲಕ್ಷ 74 ಸಾವಿರ ಕಿ.ಮೀ., ಚಂದ್ರನ ದೂರದ ಮೂರು ಪಟ್ಟಿಗೂ ಹೆಚ್ಚು. ಆತುರಪಟ್ಟರೆ ನೌಕೆ ಗುರಿ ತಪ್ಪಿ ಎಲ್ಲಿಯೋ ಬೀಳುವ ಅಪಾಯವುಂಟು.

ಐದನೆಯದೇ ಮುಖ್ಯವಾದುದು. ಬೆಳಕಿಗಿಂತ ವೇಗದ ರೇಡಿಯೋ ಅಲ್ಲಿಲ್ಲ. ಸುದ್ದಿಯೂ ನೌಕೆಯಲ್ಲಿಯೇ ಹೋಗಬೇಕು. 12 ಪಾರ್ಸೆಕ್ ಆಚೆಯ ಲೋಕದಲ್ಲಿ ದಂಗೆಯೆದ್ದಿತೆನ್ನಿ. 4 ಪಾರ್ಸೆಕ್ ನೆಗೆಯುವ ಅಂಚೆನೌಕೆಗಳು ರಾಜಧಾನಿಗೆ ಸುದ್ದಿ ಮುಟ್ಟಿಸಲು ಮೂರು ವಾರ. ಅಪ್ಪಣೆ ಮರಳಲು ಮತ್ತೆ ಮೂರು ವಾರ. ಅಷ್ಟರಲ್ಲಿ ಹೆಣಗಳು ಬೀಳಬಹುದು. ಸ್ಥಳದಲ್ಲಿರುವವನು ಯಾರನ್ನೂ ಕೇಳಲಾರ. ತನ್ನ ವಿವೇಕವನ್ನೇ ನೆಚ್ಚಬೇಕು. ಆಟದ ಸತ್ವ ಇರುವುದು ಇಲ್ಲಿಯೇ.

ತಂತಿ ಬರುವ ಮುಂಚೆ ನಮ್ಮ ಭೂಮಿಯೂ ಹೀಗೆಯೇ ಇತ್ತು. 1814ರ ಡಿಸೆಂಬರ್ 24ರಂದು ಯೂರೋಪಿನ ಘೆಂಟ್ ನಗರದಲ್ಲಿ ಬ್ರಿಟನ್ ಮತ್ತು ಅಮೆರಿಕ ಸಂಧಿಗೆ ಸಹಿ ಹಾಕಿದವು. ಆ ಸುದ್ದಿ ಹಡಗಿನಲ್ಲಿ ಸಾಗರ ದಾಟುವ ಮೊದಲೇ, 1815ರ ಜನವರಿ 8ರಂದು, ನ್ಯೂ ಆರ್ಲಿಯನ್ಸ್‌ನಲ್ಲಿ ಕಾಳಗ ನಡೆದುಹೋಯಿತು.

ವಿದ್ಯಾರ್ಥಿಗಳೇ, ನೀವೂ ವೈಜ್ಞಾನಿಕ ಕಥೆ ಬರೆಯಹೊರಟರೆ ನೌಕೆಯನ್ನು ಹಾರಿಸುವ ಮೊದಲು ಮೂರು ಲೆಕ್ಕ ಬರೆದಿಡಿ: ಇಂಧನವೆಷ್ಟು, ದಿನವೆಷ್ಟು, ಸುದ್ದಿ ಎಂದಿಗೆ ಮುಟ್ಟೀತು? ಆ ಮೂರನೆಯ ಲೆಕ್ಕದಲ್ಲಿಯೇ ನಿಮ್ಮ ಕಥೆ ಸಿಕ್ಕೀತು.