ಅಚ್ಚು ಬೇಕಾ ಸ್ವಾಮಿ? ಯಾವ ಅಚ್ಚು?

ಚಿಕ್ಕಪೇಟೆಯಲ್ಲಿ ಸಿಗದ ಸಾಮಾನಿಲ್ಲ ಎಂಬುದು ಬೆಂಗಳೂರಿನ ಹಳಬರ ಮಾತು. ಅಲ್ಲಿ ಹೋಗಿ ‘ಅಚ್ಚು ಕೊಡಿ’ ಅಂತ ಕೇಳಿ ನೋಡಿ. ‘ಯಾವ ಅಚ್ಚು ಸ್ವಾಮಿ?’ ಎಂಬ ಪ್ರಶ್ನೆಯೇ ಮೊದಲು ಬರುತ್ತದೆ. ಸಂಕ್ರಾಂತಿಗೆ ಸಕ್ಕರೆ ಅಚ್ಚು, ಆಲೆಮನೆಗೆ ಬೆಲ್ಲದ ಅಚ್ಚು, ಚಕ್ಕುಲಿ ಒರಳಿಗೆ ಬಿಲ್ಲೆ, ಸೀರೆಗೆ ಬಣ್ಣ ಒತ್ತಲು ಮರದ ಅಚ್ಚು. ಹಿಂದೆ ಅಚ್ಚುಕೂಟಗಳವರಿಗೆ ಬೇಕಿದ್ದ ಅಚ್ಚು ಮೊಳೆ ಬೇರೆ. ಒಂದೊಂದಕ್ಕೂ ಅದರದೇ ಗಿರಾಕಿ, ಅದರದೇ ದರ.

ಈ ಸಾಲಿಗೆ ಸೇರದ ಇನ್ನೊಂದು ಅಚ್ಚಿದೆ. ಹಳೇ ಮನೆ ಕೆಡವುವಾಗ, ಅಟ್ಟ ಖಾಲಿ ಮಾಡುವಾಗ, ಅಜ್ಜನ ಟ್ರಂಕು ತೆಗೆದಾಗ ಒಮ್ಮೊಮ್ಮೆ ಕೈಗೆ ಸಿಗುತ್ತದೆ. ನೋಡಲು ಇಕ್ಕಳದಂತೆ. ಹಿಡಿ ಅಗಲಿಸಿದರೆ ಮೂತಿಯಲ್ಲಿ ಎರಡು ಹೋಳು ಬಾಯಿ ಬಿಡುತ್ತವೆ. ಎರಡರಲ್ಲೂ ಗೋಲಿಯ ಅರ್ಧದಷ್ಟು ಕುಳಿ. ಮೇಲೆ ಸಣ್ಣ ತೂತು. ಅಡಿಕೆ ಕತ್ತರಿ ಅಂತ ತಿಳಿದು ಗುಜರಿಗೆ ಹಾಕಿದವರೂ ಇರಬಹುದು. ಅದು ಕೋವಿಗೆ ಸೀಸದ ಗುಂಡು ಎರೆಯುವ ಅಚ್ಚು!

ಸಕ್ಕರೆ ಅಚ್ಚು ಬಲ್ಲವರಿಗೆ ಇದರ ಮರ್ಮ ಹೇಳಿಕೊಡಬೇಕಿಲ್ಲ. ಎರಡು ಹೋಳು ಕೂಡಿಸು, ಮೇಲಿಂದ ಪಾಕ ಹುಯ್ಯಿ, ಆರಿದ ಮೇಲೆ ಬಿಚ್ಚು. ಅಲ್ಲಿ ಸಕ್ಕರೆ ಪಾಕ, ಇಲ್ಲಿ ಸೀಸದ ಪಾಕ, ಅಷ್ಟೇ. ಆದರೆ ಆ ‘ಅಷ್ಟೇ’ ಅನ್ನುವುದರಲ್ಲೇ ಜೈಲೂ ಇದೆ, ಆಸ್ಪತ್ರೆಯೂ ಇದೆ.

ಅಮೆರಿಕದ ಹಿತ್ತಿಲು, ನಮ್ಮ ವಠಾರ

ಈ ಮಾತು ಈಗ ಯಾಕೆ ಅಂತೀರಾ? ಅಮೆರಿಕದಲ್ಲಿ ಮನೆ ಹಿತ್ತಿಲಲ್ಲಿ ಗುಂಡು ಎರೆಯುವುದು ಒಂದು ಹವ್ಯಾಸ. ನಮ್ಮಲ್ಲಿ ಕೆಲವರು ಮೀನು ಸಾಕುತ್ತಾರಲ್ಲ, ಹಾಗೆ. ಸ್ವಂತಕ್ಕೆ ಎರೆದುಕೊಳ್ಳುವವನಿಗೆ ಅಲ್ಲಿಯ ಕೇಂದ್ರ ಸರ್ಕಾರದ ಲೈಸೆನ್ಸ್ ಬೇಡ. ಅಚ್ಚುಗಳನ್ನು ಲೀ, ಲೈಮನ್ ಎಂಬ ಕಂಪನಿಗಳು ರಾಜಾರೋಷವಾಗಿ ಮಾರುತ್ತವೆ. ಅಲ್ಯೂಮಿನಿಯಂ ಅಚ್ಚು ಒಳ್ಳೆಯದೋ, ಕಬ್ಬಿಣದ್ದೋ, ಹಿತ್ತಾಳೆಯದೋ? ಒಂದು ಕುಳಿಯದು ಸಾಕೋ, ಆರು ಕುಳಿಯದು ಬೇಕೋ? ಇಂಥ ಚರ್ಚೆ ಅಲ್ಲಿಯವರಿಗೆ ಮುಗಿಯುವುದೇ ಇಲ್ಲ. ಇದನ್ನೆಲ್ಲ ಫೋನಿನಲ್ಲಿ ನೋಡಿದ ಹುಡುಗನ ತಲೆಗೆ, ‘ತಾತನ ಅಚ್ಚು ಅಟ್ಟದ ಮೇಲೆ ಬಿದ್ದಿದೆ, ಸೀಸ ಗುಜರಿಯಲ್ಲಿ ಸಿಗುತ್ತೆ, ನಾವೂ ಒಂದು ಕೈ ನೋಡೋಣ’ ಎಂಬ ಯೋಚನೆ ಬಂದರೆ ಆಶ್ಚರ್ಯವಿಲ್ಲ.

ಅವನಿಗೆ ಹೇಳಬೇಕಾದದ್ದು ಒಂದೇ ಮಾತು. ಅಪ್ಪಾ, ಇಲ್ಲಿ ಆರಿಸಿಕೊಳ್ಳಲು ಅಚ್ಚೇ ಇಲ್ಲ.

ಅಚ್ಚೂ ಮದ್ದುಗುಂಡೇ

ನಮ್ಮ ದೇಶದ ಆಯುಧ ಕಾಯಿದೆ 1959ರದು. ಅದರ 2ನೇ ಸೆಕ್ಷನ್‌ನಲ್ಲಿ ಮದ್ದುಗುಂಡು ಎಂದರೆ ಏನು ಎಂಬ ವಿವರಣೆಯಿದೆ. ತೋಟಾ, ಗುಂಡು ಮಾತ್ರವೇ ಅಲ್ಲ. ಮದ್ದುಗುಂಡಿನ ಬಿಡಿಭಾಗಗಳೂ, ಅದನ್ನು ತಯಾರಿಸುವ ಯಂತ್ರೋಪಕರಣಗಳೂ ಆ ಮಾತಿನೊಳಗೇ ಬರುತ್ತವೆ. ಅಂದರೆ ಒಂದೇ ಒಂದು ಗುಂಡು ಎರೆಯದಿದ್ದರೂ, ಎರೆಯಲೆಂದು ತಂದಿಟ್ಟುಕೊಂಡ ಅಚ್ಚೇ ಈ ಬಲೆಗೆ ಬೀಳಬಹುದು.

5ನೇ ಸೆಕ್ಷನ್ ಇನ್ನೂ ಬಿಗಿ. ಲೈಸೆನ್ಸ್ ಇಲ್ಲದೆ ಆಯುಧವನ್ನಾಗಲಿ ಮದ್ದುಗುಂಡನ್ನಾಗಲಿ ತಯಾರಿಸಕೂಡದು, ಮಾರಕೂಡದು. ಶಿಕ್ಷೆ ಹಿಂದೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಇತ್ತು. 2019ರ ತಿದ್ದುಪಡಿ ಬಂದ ಮೇಲೆ ಕನಿಷ್ಠವೇ 7 ವರ್ಷ. ಗರಿಷ್ಠ ಜೀವಾವಧಿ. ಹವ್ಯಾಸಕ್ಕೆ ಮಾಡಿದೆ ಅಂದರೆ ಕಾಯಿದೆ ಬಿಡುವುದಿಲ್ಲ.

‘ನನ್ನ ಹತ್ತಿರ ಪಿಸ್ತೂಲಿಗೆ ಲೈಸೆನ್ಸ್ ಇದೆಯಲ್ಲ ಸ್ವಾಮಿ?’ ಎಂದು ಕೇಳುವವರೂ ಇರಬಹುದು. ಇರಲಿ, ಸಂತೋಷ. ಬೆಂಗಳೂರಿನಲ್ಲಿ ಅದನ್ನು ಕೊಡುವವರು ಪೊಲೀಸ್ ಕಮಿಷನರ್ ಸಾಹೇಬರು. ಆದರೆ ಅದು ಇಟ್ಟುಕೊಳ್ಳುವ ಲೈಸೆನ್ಸ್, ತಯಾರಿಸುವ ಲೈಸೆನ್ಸ್ ಅಲ್ಲ. ತೋಟಾ ಬೇಕಿದ್ದರೆ ಲೈಸೆನ್ಸ್ ಪಡೆದ ಅಂಗಡಿಗೆ ಹೋಗಬೇಕು, ಪುಸ್ತಕದಲ್ಲಿ ಲೆಕ್ಕ ಬರೆಸಬೇಕು. ಮನೆಯಲ್ಲಿ ಎರೆದ ಗುಂಡಿಗೆ ಲೆಕ್ಕವೇ ಇಲ್ಲ. ಕಾಯಿದೆಗೆ ಭಯ ಇರುವುದೂ ಆ ಲೆಕ್ಕವಿಲ್ಲದ ಗುಂಡಿನ ಮೇಲೇ.

ಭಯ ಸುಮ್ಮನೆ ಬಂದದ್ದಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಮನೆ ಬಾಗಿಲಲ್ಲೇ ಕೊಂದರು. 2017ರ ಸೆಪ್ಟೆಂಬರ್ 5ರಂದು ನಮ್ಮ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶರನ್ನು ಕೊಂದರು. ಎರಡು ಕಡೆಯ ಗುಂಡು, ತೋಟಾಗಳ ಗುರುತು ಕೂಡಿಸಿ ನೋಡಿದ ವಿಧಿವಿಜ್ಞಾನ ತಜ್ಞರು, ಎರಡಕ್ಕೂ ಬಳಸಿದ್ದು ಒಂದೇ 7.65 ಮಿಲಿಮೀಟರ್ ನಾಡ ಪಿಸ್ತೂಲು ಎಂದು ವರದಿ ಕೊಟ್ಟರು. 7.65 ಅಂದರೆ ನಮ್ಮವರು ‘ಮೂವತ್ತೆರಡು’ ಅನ್ನುವ ಅಳತೆ. ಕಿರುಬೆರಳಿಗಿಂತ ಸಣ್ಣ. ಸಣ್ಣ ಗುಂಡು ಅಂದರೆ ಸಣ್ಣ ವಿಷಯ ಅಂತ ಯಾರೂ ತಿಳಿಯಬಾರದು.

ಪೇಟೆಗೂ ಗುಂಡಿಗೂ ಹಳೇ ನಂಟು

ಹಾಗಂತ ಸೀಸದ ಗುಂಡು ಈ ಊರಿಗೆ ಹೊಸದೇನಲ್ಲ. 1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸನ ಸೈನ್ಯ ಮೊದಲು ಹೊಕ್ಕಿದ್ದು ಪೇಟೆಗೆ, ಆಮೇಲೆ ಕೋಟೆಗೆ. ತಾರಾಮಂಡಲಪೇಟೆ ಎಂಬ ಹೆಸರು ಉಳಿದಿರುವುದೇ ಟಿಪ್ಪುವಿನ ಕಾಲದ ರಾಕೆಟ್ಟುಗಳಿಂದ ಎಂಬ ಪ್ರತೀತಿ ಇದೆ. 2018ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದಲ್ಲಿ ಪಾಳುಬಾವಿಯೊಂದನ್ನು ಅಗೆದಾಗ ಅಂಥ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಸಿಕ್ಕವು. ಅವು ಗುಜರಿಗೆ ಹೋಗಲಿಲ್ಲ, ಪುರಾತತ್ವ ಇಲಾಖೆಗೆ ಹೋದವು. ಹಳೇ ಯುದ್ಧ ಸಾಮಗ್ರಿ ಸಿಕ್ಕಾಗ ನಡೆಯಬೇಕಾದ ದಾರಿ ಅದು.

ಕೈ ಅಚ್ಚಿನ ಕಾಲ ಬಂದೂಕಿನ ಬಾಯಿಂದಲೇ ಮದ್ದು, ಗುಂಡು ತುಂಬುತ್ತಿದ್ದ ಕಾಲ. ಮಲೆನಾಡಿನವರು ಕೇಪಿನ ಕೋವಿ ಅನ್ನುವುದು ಈ ಜಾತಿಯದನ್ನೇ. ಒಂದೊಂದು ಬಂದೂಕಿನ ನಳಿಗೆಗೂ ಒಂದೊಂದು ಗಾತ್ರ ಇರುತ್ತಿದ್ದುದರಿಂದ ಬಂದೂಕಿನ ಜೊತೆಗೇ ಅದರ ಅಚ್ಚನ್ನೂ ಕೊಡುತ್ತಿದ್ದರು. ‘ಹನ್ನೆರಡು ಬೋರ್’ ಅನ್ನುವ ಮಾತು ಹುಟ್ಟಿದ್ದೂ ಈ ಎರಕದ ಲೆಕ್ಕದಲ್ಲೇ. ಒಂದು ಪೌಂಡು ಸೀಸದಲ್ಲಿ ಸಮನಾಗಿ ಹನ್ನೆರಡು ಉಂಡೆ ಮಾಡಿದರೆ, ಒಂದು ಉಂಡೆ ಹಿಡಿಸುವ ನಳಿಗೆ ಹನ್ನೆರಡು ಬೋರಿನದು. ಉಂಡೆಯೊಂದಕ್ಕೆ ಸುಮಾರು 38 ಗ್ರಾಂ ತೂಕ. ಅದಕ್ಕೇ ಬೋರಿನ ಸಂಖ್ಯೆ ಹೆಚ್ಚಾದಷ್ಟೂ ನಳಿಗೆ ಕಿರಿದು.

‘ಕೊಡಗಿನವರಿಗೆ ಲೈಸೆನ್ಸೇ ಬೇಡವಂತಲ್ಲ?’ ಎಂದು ಕೇಳುವವರಿದ್ದಾರೆ. ನಿಜ. ಕೊಡವರಿಗೂ ಜಮ್ಮಾ ಭೂಮಿ ಹಿಡುವಳಿದಾರರಿಗೂ ಈ ವಿನಾಯಿತಿ 1861ರಿಂದ ಬಂದಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿ ಹಿಡಿಯಿತು. ಆದರೆ ಅದು ಕೋವಿ ಇಟ್ಟುಕೊಳ್ಳುವ ವಿನಾಯಿತಿ. ಕೊಡಗಿನ ಹೊರಗೆ ಒಯ್ಯುವಾಗ ಒಂದು ರೈಫಲ್‌ಗೆ 100 ತೋಟಾ, ಒಂದು ಬಂದೂಕಿಗೆ 500 ತೋಟಾ ಅಥವಾ ಅಷ್ಟಕ್ಕೆ ಸರಿಸಮನಾದ ಚರೆ, ಮದ್ದು ಎಂಬ ಮಿತಿಯೂ ಇದೆ. ಆ ಪಟ್ಟಿಯಲ್ಲಿ ಪಿಸ್ತೂಲಿನ ಹೆಸರಿಲ್ಲ. ಕೈಲ್ ಪೊಳ್ದಿನಲ್ಲಿ ಕೋವಿಗೆ ಹೂ ಮುಡಿಸುವ ಹಕ್ಕನ್ನು ತೋರಿಸಿ ಚಾಮರಾಜಪೇಟೆಯ ಅಡಿಗೆಮನೆಯಲ್ಲಿ ಪಿಸ್ತೂಲಿನ ಗುಂಡು ಎರೆಯಲಾಗದು.

ಈಯ ಬೇರೆ, ಸೀಸ ಬೇರೆ

ಕಾಯಿದೆಯನ್ನು ಪಕ್ಕಕ್ಕಿಡೋಣ. ಪೊಲೀಸರು ಬಾರದಿದ್ದರೂ ಸೀಸ ಬಿಡುವುದಿಲ್ಲ.

ಬಸವನಗುಡಿ, ಮಲ್ಲೇಶ್ವರದ ಮನೆಗಳಲ್ಲಿ ಈಯದ ಪಾತ್ರೆಯ ಸಾರಿನ ರುಚಿ ಗೊತ್ತಿಲ್ಲದವರು ಕಡಿಮೆ. ಬರಿ ಪಾತ್ರೆ ಒಲೆ ಮೇಲಿಟ್ಟರೆ ಕರಗಿ ಹೋಗುತ್ತದೆ ಎಂದು ಅತ್ತೆ ಸೊಸೆಗೆ ಮೊದಲ ದಿನವೇ ಹೇಳಿರುತ್ತಾರೆ. ಈಯ ಕರಗುವುದು 232 ಡಿಗ್ರಿಗೆ. ಸೀಸ 327ಕ್ಕೆ. ಎರಡೂ ಒಲೆಯ ಮೇಲೆ ಸುಲಭವಾಗಿ ಕರಗುತ್ತವೆ, ಎರಡೂ ಬಿಳುಪು, ಎರಡೂ ಮೆತು. ಆದ್ದರಿಂದಲೇ ಒಂದನ್ನು ಇನ್ನೊಂದೆಂದು ತಿಳಿಯುವುದು ಸುಲಭ. ಈಯ ಅನ್ನದ ಪಾತ್ರೆಗೆ ಬಂದ ಲೋಹ. ಸೀಸ ವಿಷ.

ಆ ವಿಷಕ್ಕೆ ವಾಸನೆಯಿಲ್ಲ, ರುಚಿಯಲ್ಲಿ ಕಹಿಯಿಲ್ಲ. ಕರಗಿಸಿದಾಗ ಮೇಲೆ ಕಟ್ಟುವ ಬೂದು ಕೆನೆಯನ್ನು ತೆಗೆದು ಚೆಲ್ಲಿದರೆ ಪುಡಿಯಾಗಿ ನೆಲ ಸೇರುತ್ತದೆ. ಅಲ್ಲಿಂದ ಕಾಲಿಗೆ, ಕೈಗೆ, ತಟ್ಟೆಗೆ. ಅಂಬೆಗಾಲಿಡುವ ಕೂಸು ನೆಲ ಮುಟ್ಟಿ ಬೆರಳು ಬಾಯಿಗಿಡುತ್ತದೆ. ದೊಡ್ಡವರಿಗಿಂತ ನಾಲ್ಕೈದು ಪಾಲು ಹೆಚ್ಚು ಸೀಸವನ್ನು ಮಕ್ಕಳ ಮೈ ಹೀರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಮಿತಿಯೇ ಸೀಸಕ್ಕಿಲ್ಲ ಎಂಬುದೂ ಆ ಸಂಸ್ಥೆಯದೇ ಮಾತು. ಮೆದುಳು ಬೆಳೆಯುವ ವಯಸ್ಸಿನಲ್ಲಿ ಹೊಕ್ಕರೆ ಬುದ್ಧಿಯ ಬೆಳವಣಿಗೆಗೇ ಕುಂದು. ಮೂಳೆಯಲ್ಲಿ ಅಡಗಿ ಕೂತದ್ದು ವರ್ಷಗಳ ಮೇಲೆ ಹೆಣ್ಣುಮಕ್ಕಳ ಬಸುರಿನ ಕಾಲದಲ್ಲಿ ರಕ್ತಕ್ಕೆ ಇಳಿದು ಹೊಟ್ಟೆಯ ಕೂಸಿಗೂ ತಾಗುತ್ತದೆ.

ಇದನ್ನು ದೇಶಕ್ಕೆ ಗಟ್ಟಿಯಾಗಿ ಹೇಳಿದವರು ನಮ್ಮ ಊರಿನವರೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಸೀಸದ ವಿಷದ ಪರೀಕ್ಷೆಗೆಂದೇ ಬೆಂಗಳೂರಿನಲ್ಲಿ ಕೇಂದ್ರ ಕಟ್ಟಿದರು. 1990ರ ದಶಕದ ಕೊನೆಯಲ್ಲಿ ಬೆಂಗಳೂರೂ ಸೇರಿದಂತೆ ದೊಡ್ಡ ಊರುಗಳ ಮಕ್ಕಳ ರಕ್ತ ಪರೀಕ್ಷೆ ನಡೆದಾಗ ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಸೀಸ ಆಗಿನ ಎಚ್ಚರಿಕೆಯ ಮಟ್ಟ ಮೀರಿತ್ತು. 2000ದಲ್ಲಿ ದೇಶದಾದ್ಯಂತ ಸೀಸದ ಪೆಟ್ರೋಲು ನಿಂತಿತು. ಬೀದಿಯಿಂದ ಓಡಿಸಿದ ಶನಿಯನ್ನು ಹಿತ್ತಿಲ ಬಾಗಿಲಿನಿಂದ ಕರೆದು ಒಲೆಯ ಮುಂದೆ ಕೂರಿಸುವುದು ಯಾವ ಬುದ್ಧಿವಂತಿಕೆ ಹೇಳಿ?

ಅಚ್ಚುಕೂಟಗಳ ಹಳಬರಿಗೆ ಈ ಮಾತು ಗೊತ್ತು. ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ದಿನವಿಡೀ ಸೀಸದ ಜೊತೆಗೇ ಸಂಸಾರ. ‘ಹಾಲು ಕುಡಿದರೆ ಹೋಗುತ್ತೆ ಬಿಡಿ’ ಎಂಬ ಸಮಾಧಾನ ಬೇರೆ. ಹಾಲು ಒಳ್ಳೆಯದೇ, ಆದರೆ ಮೂಳೆಗಿಳಿದ ಸೀಸವನ್ನು ತೊಳೆದು ತರುವ ಶಕ್ತಿ ಅದಕ್ಕಿಲ್ಲ.

ಇನ್ನೊಂದು ಅಪಾಯ. ಸಕ್ಕರೆ ಅಚ್ಚನ್ನು ಪಾಕ ಹುಯ್ಯುವ ಮುಂಚೆ ನೀರಿನಲ್ಲಿ ನೆನೆಸುತ್ತಾರೆ. ಕಾದ ಸೀಸಕ್ಕೆ ಒಂದು ಹನಿ ನೀರು ಬಿದ್ದರೆ ಆ ಕ್ಷಣವೇ ಆವಿಯಾಗಿ ಪಾಕ ಮುಖಕ್ಕೆ ಸಿಡಿಯುತ್ತದೆ. ಕಣ್ಣು ಹೋದರೆ ಹೋಯಿತು.

ಹಾಗಾದರೆ ಸಿಕ್ಕ ಅಚ್ಚನ್ನು ಏನು ಮಾಡುವುದು?

ಮೊದಲ ಮಾತು, ಹೆದರಬೇಡಿ, ಬಚ್ಚಿಡಲೂ ಬೇಡಿ. ರಿಪೇರಿ ಮಾಡಿದರೂ ಹಾರದಂಥ ಹಳೇ ಕಾಲದ ಕೋವಿಗೂ, ಜೊತೆಯ ಸಾಮಾನಿಲ್ಲದೆ ಬಳಸುವ ಉದ್ದೇಶವೇ ಇಲ್ಲದ ಸಣ್ಣ ಬಿಡಿಭಾಗಕ್ಕೂ ಅದೇ ಕಾಯಿದೆಯ 45ನೇ ಸೆಕ್ಷನ್‌ನಲ್ಲಿ ವಿನಾಯಿತಿ ಇದೆ. ತುಕ್ಕು ಹಿಡಿದ ಒಂಟಿ ಅಚ್ಚು ಗೋಡೆಯ ಮೇಲಿನ ನೆನಪು. ಅದೇ ಅಚ್ಚಿನ ಪಕ್ಕ ಸೀಸದ ಗಟ್ಟಿ, ಮದ್ದು, ಖಾಲಿ ತೋಟಾ ಸೇರಿದರೆ ಅದು ಕಾರ್ಖಾನೆ. ವ್ಯತ್ಯಾಸ ಇರುವುದು ಕಬ್ಬಿಣದಲ್ಲಲ್ಲ, ಅದರ ಅಕ್ಕಪಕ್ಕ ಏನಿದೆ ಎನ್ನುವುದರಲ್ಲಿ.

ಟ್ರಂಕಿನಲ್ಲಿ ಅಚ್ಚಿನ ಜೊತೆ ಕೋವಿ, ಪಿಸ್ತೂಲು, ತೋಟಾ ಏನಾದರೂ ಸಿಕ್ಕಿತೋ, ಮುಟ್ಟಲು ಹೋಗಬೇಡಿ. ಲೈಸೆನ್ಸ್ ಇದ್ದ ಹಿರಿಯರು ತೀರಿಕೊಂಡ ಮೇಲೆ ಆ ಆಯುಧ ಮನೆಯವರ ಬಳಿ ಉಳಿಯುವುದು ಕಾನೂನುಬದ್ಧವಲ್ಲ. 21ನೇ ಸೆಕ್ಷನ್ ಪ್ರಕಾರ ತಡಮಾಡದೆ ಹತ್ತಿರದ ಠಾಣೆಗೋ, ಲೈಸೆನ್ಸ್ ಪಡೆದ ವ್ಯಾಪಾರಿಗೋ ಒಪ್ಪಿಸಿ ರಸೀದಿ ಪಡೆಯಬೇಕು. ಹಕ್ಕುದಾರರು ಲೈಸೆನ್ಸಿಗೆ ಅರ್ಜಿ ಹಾಕುವುದು ಆಮೇಲಿನ ಕೆಲಸ. ಠಾಣೆಗೆ ಹೊತ್ತುಕೊಂಡು ಹೋಗುವ ಮುಂಚೆ ಒಂದು ಫೋನು ಮಾಡಿ, ಅವರು ಹೇಳಿದಂತೆ ನಡೆಯಿರಿ.

ಅಚ್ಚು ನೂರು ವರ್ಷದ ಹಿಂದಿನದು ಅನ್ನಿಸಿದರೆ ಪುರಾತತ್ವ ಇಲಾಖೆಯವರಿಗೋ ವಸ್ತುಸಂಗ್ರಹಾಲಯದವರಿಗೋ ತೋರಿಸಿ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ಅಂಥದ್ದನ್ನು ಹೊರದೇಶಕ್ಕೆ ಮಾರುವ ಹಾಗಿಲ್ಲ. ಗುಜರಿಯವನು ‘ಕಬ್ಬಿಣದ ರೇಟು ಕೊಡ್ತೀನಿ ತಗೊಳ್ಳಿ ಸಾರ್’ ಅಂದರೆ ಆಸೆಪಡಬೇಡಿ. ನಾಳೆ ಅದು ಯಾರ ಕೈ ಸೇರುತ್ತದೋ, ಯಾವ ಕತ್ತಲ ಕೋಣೆಯಲ್ಲಿ ಬಾಯಿ ಬಿಡುತ್ತದೋ ಬಲ್ಲವರಾರು?

ಸೀಸದ ಗಟ್ಟಿಯೋ ಹಳೇ ಮೊಳೆಯೋ ಮನೆಯಲ್ಲಿದ್ದರೆ ಮಕ್ಕಳ ಕೈಗೆ ಸಿಗದ ಕಡೆ ಇಡಿ. ಮುಟ್ಟಿದ ಮೇಲೆ ಸಾಬೂನು ಹಾಕಿ ಕೈ ತೊಳೆಯದೆ ತಟ್ಟೆಯ ಮುಂದೆ ಕೂರಬೇಡಿ. ಎರಕದ ಆಸೆ ಅಷ್ಟೊಂದಿದ್ದರೆ ಮರದ ಅಚ್ಚು ಕೊಂಡು ಸಕ್ಕರೆ ಎರೆಯಿರಿ. ಗಿಳಿ, ಗೋಪುರ, ತೇರು, ಯಾವ ಅಚ್ಚು ಬೇಕೋ ಆರಿಸಿಕೊಳ್ಳಿ. ಅಲ್ಲಿ ಚೌಕಾಸಿಗೂ ಅವಕಾಶ ಉಂಟು.