ಅಮಲಿನ ಗೆಳೆತನ, ಏಡ್ಸ್‌ನ ಅಪಾಯ

"ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ" ಎಂಬ ಗಾದೆಯನ್ನು ಹಿರಿಯರ ಬಾಯಲ್ಲಿ ಕೇಳಿ ಕೇಳಿ ನಿಮಗೆ ಬೇಸರ ಬಂದಿರಬಹುದು. ಆದರೆ ಮಾದಕ ವಸ್ತು ಮತ್ತು ಲೈಂಗಿಕ ರೋಗಗಳ ವಿಷಯದಲ್ಲಿ ವೈದ್ಯರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಅಪಾಯ ಬರುವುದು ಅಮಲಿನಿಂದ ಮಾತ್ರವಲ್ಲ, ಯಾರ ಜೊತೆ ಕೂತು ಅಮಲೇರಿಸಿಕೊಳ್ಳುತ್ತೇವೆ ಎಂಬುದರಿಂದಲೂ.

ನಮ್ಮ ಹೈದರಾಬಾದಿಗೆ ಇದು ದೂರದ ಮಾತಲ್ಲ. 2017ರಲ್ಲಿ ಅಬಕಾರಿ ಇಲಾಖೆ ತೆಲುಗು ಚಿತ್ರರಂಗದ ಹಲವರನ್ನು ವಿಚಾರಣೆಗೆ ಕರೆದಾಗ ತಾರೆಯರ ಹೆಸರು ಮಾತ್ರ ಎಲ್ಲರ ನೆನಪಿನಲ್ಲಿ ಉಳಿಯಿತು. ಅದೇ ಪ್ರಕರಣದಲ್ಲಿ ಶಾಲಾ ಕಾಲೇಜು ಮಕ್ಕಳ ವಿಷಯವೂ ಹೊರಬಂದಿತ್ತು. 2022ರ ಏಪ್ರಿಲ್‌ನಲ್ಲಿ ಬಂಜಾರಾ ಹಿಲ್ಸ್‌ನ ಪಬ್ಬೊಂದರ ಮೇಲೆ ದಾಳಿ ನಡೆದಾಗ ಕೊಕೇನ್ ಸಿಕ್ಕಿತು.

ಮಣಿಪುರದ ಪಾಠ

ಭಾರತದಲ್ಲಿ ಎಚ್.ಐ.ವಿ. ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಮೂರು ನಾಲ್ಕು ವರ್ಷಗಳಲ್ಲೇ ಅದು ಮಣಿಪುರದಲ್ಲಿ ಹೆರಾಯಿನ್ ಚುಚ್ಚಿಕೊಳ್ಳುತ್ತಿದ್ದ ಯುವಕರಲ್ಲಿ ಕಾಡ್ಗಿಚ್ಚಿನಂತೆ ಹರಡಿತು. ಒಂದೇ ಸಿರಿಂಜು ಗೆಳೆಯರ ಕೈಯಿಂದ ಕೈಗೆ ಹೋಗುತ್ತಿತ್ತು. ರೋಗ ಅಲ್ಲಿಗೇ ನಿಲ್ಲಲಿಲ್ಲ. ಸೂಜಿಯನ್ನೇ ಮುಟ್ಟದ ಅವರ ಹೆಂಡಂದಿರಿಗೂ ತಗುಲಿತು. 2021ರ ಸರಕಾರಿ ಸಮೀಕ್ಷೆಯಲ್ಲೂ ದೇಶದಲ್ಲಿ ಮಾದಕ ವಸ್ತು ಚುಚ್ಚಿಕೊಳ್ಳುವ ಸಾವಿರ ಜನರಲ್ಲಿ ಸುಮಾರು 90 ಮಂದಿಗೆ ಸೋಂಕಿತ್ತು. ಸಾಮಾನ್ಯ ವಯಸ್ಕರಲ್ಲಿ ಇದು ಸಾವಿರಕ್ಕೆ ಸುಮಾರು 2 ಮಾತ್ರ.

ಸೂಜಿ ಇಲ್ಲದಿದ್ದರೂ ಅಪಾಯ ತಪ್ಪಿದ್ದಲ್ಲ. ಮದ್ಯ, ಗಾಂಜಾ, ಪಾರ್ಟಿ ಮಾತ್ರೆಗಳು ವಿವೇಕವನ್ನು ಮಂಕು ಮಾಡುತ್ತವೆ. ಆ ಹೊತ್ತಿನಲ್ಲಿ ತೀರ್ಮಾನ ಮಾಡುವುದು ನಾವಲ್ಲ, ಗುಂಪು.

ಗುಂಪು ಹೇಗೆ ಒತ್ತುತ್ತದೆ?

"ಎಲ್ಲರೂ ಮಾಡ್ತಾರೆ, ನಿನಗೇನು?" ಎಂಬುದು ಮೊದಲ ಅಸ್ತ್ರ. ನಿಜವಾಗಿ ಎಲ್ಲರೂ ಮಾಡುವುದಿಲ್ಲ. ಒಲ್ಲದವರು ಬಾಯಿ ಬಿಡುವುದಿಲ್ಲ, ಅಷ್ಟೆ. ಎರಡನೆಯದು ನಂಬಿಕೆಯ ನೆಪ. "ನಿರೋಧ್ ಬೇಕು ಅಂದರೆ ನನ್ನ ಮೇಲೆ ಅನುಮಾನವೇ?" ಎಂಬ ಒಂದು ಮಾತಿಗೆ ಎಷ್ಟೋ ಮಂದಿ ಸುಮ್ಮನಾಗುತ್ತಾರೆ. ಮೂರನೆಯದು ಋಣ. ಮಾಲು ತಂದುಕೊಡುವವನು, ದುಡ್ಡು ಕೊಡುವವನು ಹೇಳಿದ್ದಕ್ಕೆ ಚಟ ಹತ್ತಿದವರು ಇಲ್ಲವೆನ್ನಲಾರರು. ಇದರಲ್ಲಿ ಹೆಚ್ಚು ನೋಯುವವರು ಹೆಣ್ಣುಮಕ್ಕಳು. ಒಂದು ಮಾತು ಸ್ಪಷ್ಟವಾಗಿರಲಿ: ಅಮಲಿನಲ್ಲಿ ಎಚ್ಚರ ತಪ್ಪಿದವರ ಮೌನ ಒಪ್ಪಿಗೆಯಲ್ಲ, ಅಂಥವರನ್ನು ಬಳಸಿಕೊಳ್ಳುವುದು ಅಪರಾಧ.

ಇದರ ಜೊತೆಗೆ ಮನೆಯ ಮೌನವೂ ಇದೆ. ಹೊರಗೆ ತೆಲುಗು, ಹಿಂದಿ, ಇಂಗ್ಲಿಷು ಆಡುವ ನಮ್ಮ ಮಕ್ಕಳಿಗೆ ಮನೆಯಲ್ಲಿ ಕೇಳಿಸುವ ಕನ್ನಡ "ಊಟ ಆಯ್ತಾ, ಮಾರ್ಕ್ಸ್ ಎಷ್ಟು ಬಂತು" ಎಂಬಲ್ಲಿಗೆ ನಿಲ್ಲುತ್ತದೆ. ಮನೆಯಲ್ಲಿ ಕೇಳಲಾಗದ ಪ್ರಶ್ನೆಗೆ ಉತ್ತರ ಗುಂಪಿನಲ್ಲೇ ಸಿಗುತ್ತದೆ, ಸರಿಯೋ ತಪ್ಪೋ.

ಅದೇ ಗುಂಪು ಕಾಪಾಡಲೂಬಹುದು

ಸರಕಾರದ ಏಡ್ಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಚಟದಿಂದ ನೊಂದವರೇ ಕಾರ್ಯಕರ್ತರಾಗಿ ತಮ್ಮವರಿಗೆ ತಿಳಿ ಹೇಳುತ್ತಾರೆ. ಗೆಳೆಯನ ಮಾತಿಗೆ ಉಪದೇಶಕ್ಕಿಂತ ಬಲ ಹೆಚ್ಚು. ಹಾಗಾಗಿ ಯುವ ಮಿತ್ರರೇ, ನಿಮ್ಮ ಬಳಗದಲ್ಲಿ ಬೇಡ ಎಂದವರನ್ನು ಗೇಲಿ ಮಾಡಬೇಡಿ. ಎಚ್ಚರ ತಪ್ಪಿದವರನ್ನು ಒಂಟಿಯಾಗಿ ಯಾರ ಜೊತೆಗೂ ಕಳಿಸಬೇಡಿ.

ತಪ್ಪು ನಡೆದೇಹೋಗಿದ್ದರೆ ಬಚ್ಚಿಡಬೇಡಿ. 72 ಗಂಟೆಯೊಳಗೆ ವೈದ್ಯರ ಬಳಿ ಹೋದರೆ ಎಚ್.ಐ.ವಿ. ತಡೆಯುವ ಔಷಧವಿದೆ, ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು. ಸರಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ ಉಚಿತ, ಗುಟ್ಟು ಕಾಪಾಡುತ್ತಾರೆ. 2004ರಿಂದ ಚಿಕಿತ್ಸೆಯೂ ಉಚಿತ. ಸೋಂಕಿತರನ್ನು ಶಾಲೆ, ಕೆಲಸಗಳಿಂದ ಹೊರಗಿಡುವುದನ್ನು 2017ರ ಕಾಯಿದೆ ನಿಷೇಧಿಸಿದೆ. ಏಡ್ಸ್ ಕುರಿತ ಸಹಾಯವಾಣಿ 1097, ಚಟ ಬಿಡಿಸುವ ಸಹಾಯವಾಣಿ 14446. ಹೆತ್ತವರೂ ಈ ಪುಟವನ್ನು ಮಕ್ಕಳ ಜೊತೆ ಕೂತು ಓದಲಿ. ಮಾತು ಅಲ್ಲಿಂದಲೇ ಶುರುವಾಗಲಿ.